ದಸರೆಯ ದೇವಿ ಮಹಾತ್ಮೆ ಯಕ್ಷಗಾನವನ್ನು 4 ಗಂಟೆಗೆ ಇಳಿಸಬೇಕಂತೆ. ಎಂತ ಬಿಡುವುದು, ಎಂತ ಇಟ್ಟುಕೊಳ್ಳುವುದು?

ಚೌಕಿಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗಿನ ಊರು. ವಿಜಯದಶಮಿ ರಾತ್ರಿ ಭಜನಾ ಮಂದಿರದ ಅಂಗಳದಲ್ಲಿ ಊರಿನವರೇ ಸೇರಿ ದೇವಿ ಮಹಾತ್ಮೆ ಆಡುವುದು ನಮ್ಮ ಅಪ್ಪಂದಿರ ಕಾಲದಿಂದ ನಡೆದು ಬಂದದ್ದು. ಮೇಳದವರಲ್ಲ, ಹವ್ಯಾಸಿಗಳು. ಒಬ್ಬರು ರಬ್ಬರ್ ಹಾಲು ತೆಗೆಯುವವರು, ಒಬ್ಬರು ಬ್ಯಾಂಕಿನವರು, ಇಬ್ಬರು ಮಾಷ್ಟ್ರು. ರಾತ್ರಿ 9ಕ್ಕೆ ಶುರುವಾದರೆ ಬೆಳಗ್ಗೆ 6ಕ್ಕೆ ಮಂಗಳ. ಮುಂಬೈಯಲ್ಲಿ ಇರುವವರು ಕೂಡ ಈ ಒಂದು ರಾತ್ರಿಗೆ ರೈಲು ಹತ್ತುತ್ತಾರೆ.

ಈ ವರ್ಷ ತಕರಾರು ಎದ್ದಿದೆ. 10 ಗಂಟೆಯ ಮೇಲೆ ಮೈಕ್ ಇಲ್ಲ ಅಂತ ಖಡಾಖಂಡಿತ ಹೇಳಿದ್ದಾರೆ. ಹಾಗಾಗಿ ಸಂಜೆ 6ರಿಂದ 10. ಸಮಿತಿ ಮೀಟಿಂಗಿನಲ್ಲಿ ಒಬ್ಬೊಬ್ಬರದ್ದು ಒಂದೊಂದು ಮಾತು. ಕಥೆಗೆ ಮೊದಲಿನ ಕುಣಿತ, ಪೂರ್ವರಂಗ, ತೆಗೆಯಿರಿ ಅಂತ ಒಬ್ಬರು. ಅಸುರ ರಕ್ತಬೀಜನ ಮಾತು ಕಡಿಮೆ ಮಾಡಿ ಅಂತ ಇನ್ನೊಬ್ಬರು. ಯುವಕರಿಗೆ ಹಿಂದೆ ಎಲ್‌ಇಡಿ ಪರದೆ ಬೇಕು, ಅದರಲ್ಲಿ ಬೆಂಕಿ, ಮಿಂಚು, ಸಿಂಹ. ಮಲಯಾಳ ಮಾತ್ರ ಗೊತ್ತಿರುವವರಿಗೆ ಕಥೆ ತಲುಪುವುದೇ ಇಲ್ಲ ಅಂತ ಮತ್ತೊಂದು ದೂರು. ಹಾಸ್ಯ ಹಳತಾಯಿತು ಅಂತ ಮಹಿಳಾ ಘಟಕದವರು. ಎಲ್ಲರದ್ದೂ ಸ್ವಲ್ಪ ಸ್ವಲ್ಪ ಸರಿಯೇ, ಅದೇ ಕಷ್ಟ. ಅನುಭವ ಇರುವವರು ಹೇಳಿ.

ಚಕ್ರತಾಳ:
4 ಗಂಟೆಯ ದೇವಿ ಮಹಾತ್ಮೆಯಾ? ಅದಕ್ಕಿಂತ ಕ್ಯಾಲೆಂಡರಿನಲ್ಲಿ ದೇವಿಯ ಚಿತ್ರ ನೋಡಿ ಮಲಗಬಹುದು.

ಗೋಳಿಬಜೆ:
ಮಹಿಷಾಸುರನನ್ನು ದೇವಿ ಕೊಂದಳು. ಮೈಕಾಸುರನನ್ನು ಕೊಲ್ಲುವವರು ಯಾರೂ ಇಲ್ಲ 😀

ಗಡಿ ದಾಟಿದವ:
ಚಕ್ರತಾಳರೇ, ಅಷ್ಟು ಬೇಗ ಬಾಗಿಲು ಹಾಕಬೇಡಿ. ಇದು ನಿಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. 2022ರ ತಿರುಗಾಟದಲ್ಲಿ (ಮೇಳ ಊರೂರು ಸುತ್ತಿ ಆಡುವ ಕಾಲ) ಕಟೀಲು ದೇವಸ್ಥಾನದ ಆಗ ಇದ್ದ ಆರೂ ಮೇಳ ಕಾಲಮಿತಿಗೆ, ಅಂದರೆ ಇಡೀ ರಾತ್ರಿ ಬಿಟ್ಟು ಕೆಲವೇ ಗಂಟೆಯ ಆಟಕ್ಕೆ, ಬಂದಿತ್ತು, ಕಾರಣ ಇದೇ ಧ್ವನಿವರ್ಧಕದ ನಿಯಮ. ಭಕ್ತರು ಪಾದಯಾತ್ರೆ ಮಾಡಿದರು, ವಿಷಯ ಕೋರ್ಟಿಗೆ ಹೋಯಿತು, 2024ರ ಜನವರಿಯಿಂದ ಮತ್ತೆ ಇಡೀ ರಾತ್ರಿ ಆಟ. ಆ ನಡುವಿನ ಸಮಯದಲ್ಲಿ ನಾನು ಎಷ್ಟೋ ಆಟ ನೋಡಿದ್ದೇನೆ. ಒಂದು ಹೇಳುತ್ತೇನೆ, ಬೇಜಾರು ಮಾಡಬೇಡಿ: ಜನ ಜಾಸ್ತಿ ಇದ್ದರು. ಹೆಂಗಸರು, ಮಕ್ಕಳು ಕೊನೆಯವರೆಗೂ ಕೂತಿದ್ದರು. ಆದರೆ ನೋಡಿ ಮನೆಗೆ ಬಂದರೆ ಆಟ ನೋಡಿದ ಹಾಗೆ ಆಗುತ್ತಿರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಊರು ನೋಡಿದ ಹಾಗೆ. ಎಲ್ಲ ಕಂಡಿತು, ಎಲ್ಲೂ ಇಳಿಯಲಿಲ್ಲ.

ಸೌಂಡ್ ಬಾಕ್ಸ್:
ನಿಯಮದ ಬಗ್ಗೆ ಗೊತ್ತಿಲ್ಲದೆ ಮಾತಾಡುವವರು ಜಾಸ್ತಿ, ಅದಕ್ಕೆ ಹೇಳುತ್ತೇನೆ. ನಾನು ಮೈಕ್ ಸೆಟ್ಟಿನವನು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಅದು ಇಡೀ ದೇಶಕ್ಕೆ. ಹಬ್ಬಕ್ಕೆ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ಆದರೆ ಯಾವ ದಿನ ಅಂತ ನಿರ್ಧರಿಸುವುದು ರಾಜ್ಯ ಸರ್ಕಾರ, ನಮ್ಮ ಸಮಿತಿ ಅಧ್ಯಕ್ಷರಲ್ಲ. ಅರ್ಜಿ ಹಾಕಿ ನೋಡಿ, ನಂಬಿ ಕೂರಬೇಡಿ.

ಚೌಕಿಮನೆ:
ಅರ್ಜಿ ಹಾಕಿದ್ದೇವೆ. ಉತ್ತರ ಬರುವಾಗ ಮುಂದಿನ ದಸರೆ ಆಗಬಹುದು.

ದುಬೈ ಬಾವ:
ಎಲ್‌ಇಡಿ ಪರದೆ ಹಾಕಿ ಬಾವ, ನಾವು ಇಲ್ಲಿಂದ ದುಡ್ಡು ಹೊಂದಿಸುತ್ತೇವೆ. ನಾವೆಲ್ಲ ಯೂಟ್ಯೂಬಿನಲ್ಲಿ ನೋಡುವವರು. ಕಪ್ಪು ಕಪ್ಪು ಕಾಣುತ್ತದೆ, ವೇಷ ಯಾವುದು, ತೆರೆ ಯಾವುದು ಗೊತ್ತಾಗುವುದಿಲ್ಲ. ಕಾಲ ಬದಲಾಗಿದೆ ಅಲ್ವಾ?

ಬಣ್ಣದ ಡಬ್ಬಿ:
ನಾನು ಬಣ್ಣದ ವೇಷ ಮಾಡುವವನು. ಮಹಿಷಾಸುರ ಎಷ್ಟು ಸಲ ಮಾಡಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಪರದೆಯ ಬಗ್ಗೆ ನನ್ನ ಮಾತು ಕೇಳಿ, ಆಮೇಲೆ ದುಡ್ಡು ಹೊಂದಿಸಿ.

ಮುಖದಲ್ಲಿ ಚುಟ್ಟಿ ಇಡುವುದು ಅಂದರೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಕಡ್ಡಿಯಲ್ಲಿ ಒಂದೊಂದೇ ಮುಳ್ಳು ಎಬ್ಬಿಸುವುದು. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ನನಗೆ 3 ಗಂಟೆ ಬೇಕು. ಆ ಮುಖಕ್ಕೆ ಎದುರಿನಿಂದ, ಕೆಳಗಿನಿಂದ ಬೆಂಕಿಯ ಬೆಳಕು ಬಿದ್ದರೆ ಒಂದೊಂದು ಮುಳ್ಳಿಗೂ ಒಂದೊಂದು ನೆರಳು. ಆಗ ಮುಖ ಜೀವಂತ ಆಗುತ್ತದೆ. ಹಿಂದಿನಿಂದ ಎಲ್‌ಇಡಿ ಹೊಡೆದರೆ? ನಾನು ಕರಿ ಗೋಣಿಯ ಹಾಗೆ ಕಾಣುತ್ತೇನೆ. 3 ಗಂಟೆ ಕೂತದ್ದು ದಂಡ. ಅಷ್ಟು ದೊಡ್ಡ ಬೆಂಕಿ ಪರದೆಯಲ್ಲೇ ಉಂಟಾದರೆ ನಾನು ಯಾಕೆ ರಾಳದ ಪುಡಿ ಎರಚಿ ಬೆಂಕಿ ಹಾರಿಸಬೇಕು?

ಇನ್ನೊಂದು. 6ಕ್ಕೆ ಆಟ ಶುರು ಆದರೆ ನಾನು ಮಧ್ಯಾಹ್ನ 3ಕ್ಕೇ ಬಣ್ಣಕ್ಕೆ ಕೂರಬೇಕು. ಬಣ್ಣ ಹಾಕುವ ಚೌಕಿಗೆ ಶೀಟಿನ ಮಾಡು. ಬೆವರಿಗೆ ಚುಟ್ಟಿ ನಿಲ್ಲುವುದಿಲ್ಲ. ಹೋದ ವರ್ಷ ಬೇರೆ ಕಡೆ ಹಗಲು ಬಣ್ಣ ಹಾಕಿ, ಒಡ್ಡೋಲಗಕ್ಕೆ, ಅಂದರೆ ಮೊದಲ ಪ್ರವೇಶಕ್ಕೆ, ಹೋಗುವಾಗ ಎಡಗೆನ್ನೆಯ ಅರ್ಧ ಉದುರಿ ಹೋಗಿತ್ತು. ಮಕ್ಕಳು ನಕ್ಕರು. ಅಸುರನನ್ನು ನೋಡಿ ಮಕ್ಕಳು ನಗಬಾರದು.

ಗೋಳಿಬಜೆ:
ಎರಡು ಫ್ಯಾನ್ ಕೊಡಿಸಿ ಮಾರಾಯ್ರೇ ಅವರಿಗೆ. ಎಲ್‌ಇಡಿಗಿಂತ ಅಗ್ಗ.

ದುಬೈ ಬಾವ:
ಫ್ಯಾನಿಗೂ ಕೊಡುತ್ತೇವೆ, ಅದಕ್ಕೆಂತ.

ಪುಸ್ತಕದ ಹುಳು:
"ಹಿಂದಿನಿಂದ ಹೀಗೇ ಇತ್ತು" ಅನ್ನುವವರಿಗೆ ಸುಮ್ನೆ ಒಂದು ನೆನಪು. ದೀವಟಿಗೆ ಹೋಗಿ ಗ್ಯಾಸ್‌ಲೈಟ್ ಬಂತು, ಅದು ಹೋಗಿ ಕರೆಂಟು ಬಂತು. ಡೇರೆ ಮೇಳ ಬಂದು ಟಿಕೇಟು, ಕುರ್ಚಿ ಬಂತು. ತುಳು ಪ್ರಸಂಗ ಬಂತು. ಶಿವರಾಮ ಕಾರಂತರು ಮಾತನ್ನು ತೆಗೆದು ಪಿಟೀಲು, ಸ್ಯಾಕ್ಸಫೋನು ಸೇರಿಸಿ ಉತ್ತರದ ಬಡಗು ಶೈಲಿಯಲ್ಲಿ ಪ್ರಯೋಗ ಮಾಡಿದರು. ನಮ್ಮ ಕುಂಬಳೆಯ ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬ ಮಾಡಿದ್ದೇನು? ತೊರವೆ ರಾಮಾಯಣವನ್ನು ಆಟಕ್ಕೆ ಬೇಕಾದ ಹಾಗೆ ತುಂಡು ತುಂಡು ಮಾಡಿದ. ಪಂಚವಟಿ ಒಂದು, ವಾಲಿ ಸುಗ್ರೀವರ ಕಾಳಗ ಒಂದು, ಉಂಗುರ ಸಂಧಿ ಒಂದು. ಅವನ ಕಾಲದಲ್ಲಿ ಅದೇ ಹೊಸತು.

ಮಂಜೇಶ್ವರದವ:
ಪಾರ್ತಿಸುಬ್ಬನೇ ಬರೆದದ್ದು ಅಂತ ಅಷ್ಟು ಗ್ಯಾರಂಟಿಯಾ? ಕಾರಂತರು ಒಪ್ಪಿರಲಿಲ್ಲ.

ಪುಸ್ತಕದ ಹುಳು:
ವಿದ್ವಾಂಸ ಮುಳಿಯ ತಿಮ್ಮಪ್ಪಯ್ಯನವರು ಸಾಕಷ್ಟು ಆಧಾರ ಕೊಟ್ಟು ಬರೆದಿದ್ದಾರೆ. ಓದಿ.

ಮಂಜೇಶ್ವರದವ:
ಓದಿದ್ದೇನೆ. ಓದಿಯೇ ಕೇಳಿದ್ದು. ಅದೇ ರಾಮಕಥೆಯ ಕೇರಳದ ಆಟ, ಕೊಟ್ಟಾರಕ್ಕರದ ರಾಮನಾಟ್ಟದ ವಿಷಯ ತೆಗೆಯಲಾ?

ಚೌಕಿಮನೆ:
ಬೇಡ ಬೇಡ. ಇದು ಅಜ್ಜಂದಿರ ಕಾಲದ ಜಗಳ, ಇದಕ್ಕೆ ಇಡೀ ರಾತ್ರಿಯೂ ಸಾಲದು. ನನ್ನ ಪ್ರಶ್ನೆ ಸಣ್ಣದು, 4 ಗಂಟೆಯದ್ದು.

ಟೀಚರಕ್ಕ:
ಹಾಸ್ಯದ ದೂರು ಕೊಟ್ಟವರಲ್ಲಿ ನಾನೂ ಒಬ್ಬಳು ಅಂತ ಇಟ್ಟುಕೊಳ್ಳಿ, ನಮ್ಮ ಊರೂ ನಿಮ್ಮ ಊರಿನ ಹಾಗೇ. ದೇವಿ ಉಯ್ಯಾಲೆಯಲ್ಲಿ ಕೂತಿರುತ್ತಾಳೆ. ಚಂಡ ಮುಂಡರು ಮರೆಯಲ್ಲಿ ನಿಂತು ನೋಡುತ್ತಾರೆ. ಅಲ್ಲಿ ಇಬ್ಬರೂ ಸೇರಿ ಕಾಲು ಗಂಟೆ ಹೆಣ್ಣಿನ ಮೈಯ ವರ್ಣನೆ, ಅದರ ಮೇಲೆ ಪಕ್ಕದ ಮನೆಯ ಹೆಂಗಸಿನ ಜೋಕು. ನನ್ನ ಪಕ್ಕ ಕೂತ ಎಂಟನೆ ಕ್ಲಾಸಿನ ಹುಡುಗಿಯರು ತಲೆ ಬಗ್ಗಿಸಿ ಮೊಬೈಲು ನೋಡಲು ಶುರು ಮಾಡುತ್ತಾರೆ. ಇದು ಯಾವ ಪ್ರಸಂಗ ಪುಸ್ತಕದಲ್ಲಿ ಉಂಟು? ಎಲ್ಲೂ ಇಲ್ಲ. ಆಡುವವರು ಸೇರಿಸಿದ್ದು. ಸೇರಿಸಿದ್ದನ್ನು ತೆಗೆಯಬಹುದು, ಅದಕ್ಕೆ ಸಮಿತಿ ಮೀಟಿಂಗ್ ಬೇಡ.

ಆದರೆ ಅದರ ನಂತರದ ಜಾಗವನ್ನು ದಯವಿಟ್ಟು ಕತ್ತರಿಸಬೇಡಿ. ಶುಂಭನ ದೂತ ಸುಗ್ರೀವ ಬರುತ್ತಾನೆ. ಮೂರು ಲೋಕದ ರತ್ನಗಳೆಲ್ಲ ನಮ್ಮ ಒಡೆಯನ ಹತ್ತಿರ ಉಂಟು, ನೀನೂ ಒಂದು ರತ್ನ, ಬಂದು ಸೇರಿಕೋ ಅನ್ನುತ್ತಾನೆ. ದೇವಿ ಸಿಟ್ಟು ಮಾಡುವುದಿಲ್ಲ. ನಕ್ಕು, ಹುಡುಗಾಟಿಕೆಯಲ್ಲಿ ಒಂದು ಶಪಥ ಮಾಡಿಬಿಟ್ಟಿದ್ದೇನೆ, ಯುದ್ಧದಲ್ಲಿ ನನ್ನನ್ನು ಗೆದ್ದವನೇ ನನ್ನ ಗಂಡ, ಹೋಗಿ ಹೇಳು ಅನ್ನುತ್ತಾಳೆ. ಇದು ಮಾರ್ಕಂಡೇಯ ಪುರಾಣದಲ್ಲೇ ಇರುವುದು. ಇದಕ್ಕಿಂತ ಹೊಸ ಮಾತು ಈಗಿನ ಯಾವ ನಾಟಕದವರು ಬರೆದುಕೊಡುತ್ತಾರೆ? ನಮ್ಮವರು ಇದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ, ಜೋಕಿಗೆ ಕಾಲು ಗಂಟೆ ಕೊಡುತ್ತಾರೆ.

ಪೀಠಿಕೆ:
ಅಕ್ಕಾ, ನೂರಕ್ಕೆ ನೂರು. ನಾನು ಸಂಘದಲ್ಲಿ ಸ್ತ್ರೀವೇಷ ಕಲಿತವಳು. ದೇವಿಯ ಪಾತ್ರ ಕೇಳಿದರೆ "ನಿನಗೆ ಸ್ವರ ಸಾಲದು" ಅಂತಾರೆ. ಮೈಕ್ ಇರುವಾಗ ಸ್ವರ ಸಾಲದು ಅಂದರೆ ಎಂತ ಅಂತ ನನಗೆ ಇವತ್ತಿಗೂ ಗೊತ್ತಾಗಲಿಲ್ಲ.

ಚಕ್ರತಾಳ:
ಮಗಾ, ದೇವಿ ಮಾಡುವುದು ಸ್ವರದಲ್ಲಿ ಅಲ್ಲ, ಹದದಲ್ಲಿ. ಗಂಡಸರೂ ಎಷ್ಟೋ ಜನ ಹಾಳು ಮಾಡಿದ್ದಾರೆ. ಕಿರುಚಿದರೆ ದೇವಿ ಆಗುವುದಿಲ್ಲ. ನಿನಗೆ ಹದ ಇದ್ದರೆ ಮಾಡು, ಯಾರು ಬೇಡ ಅಂದದ್ದು.

ಪೀಠಿಕೆ:
ಬೇಡ ಅಂದದ್ದು ನಿಮ್ಮ ವಯಸ್ಸಿನವರೇ ಅಜ್ಜ 🙂

ಮಂಜೇಶ್ವರದವ:
ಭಾಷೆಯ ವಿಷಯ ಯಾರೂ ಮುಟ್ಟಲಿಲ್ಲ. ಅಸಲು ಕಥೆ ಅಲ್ಲಿಯೇ ಇರುವುದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋದ ಮೇಲೆ ನಮ್ಮ ಮನೆಗಳಲ್ಲಿ ಒಂದೊಂದು ತಲೆಮಾರಿಗೆ ಒಂದೊಂದು ಭಾಷೆ. ನಮ್ಮ ಮನೆಯಲ್ಲಿ ಅಮ್ಮ ತುಳು, ನಾನು ಓದಿದ್ದು ಕನ್ನಡ, ಮಗ ಮಲಯಾಳ ಮೀಡಿಯಂ. ಅವನಿಗೆ ಹಾಡುವ ಭಾಗವತರ ಪದ್ಯ ಅರ್ಥ ಆಗುವುದಿಲ್ಲ, ಪದ್ಯಕ್ಕೆ ಮಾತು ಹೇಳುವ ಅರ್ಥಧಾರಿಯ ಅರ್ಥವೂ ಅರ್ಥ ಆಗುವುದಿಲ್ಲ. ಆಟವನ್ನು 4 ಗಂಟೆ ಮಾಡಿ, 40 ನಿಮಿಷ ಮಾಡಿ, ಅವನಿಗೆ ಎರಡೂ ಒಂದೇ. ಹಾಗಾಗಿ ಮಾತು ಕಡಿಮೆ ಮಾಡಿ ಕುಣಿತ ಜಾಸ್ತಿ ಮಾಡಿ ಅಂತ ನನ್ನ ಅಭಿಪ್ರಾಯ. ಬೇಕಾದರೆ ಮಲಯಾಳದಲ್ಲೇ ಆಡಿ. ಹಾಗೆ ಆಡಿದವರೂ ಇದ್ದಾರೆ.

ಚಕ್ರತಾಳ:
ಮಾತಿಗೇ ಹೆಸರಾದ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಹುಟ್ಟಿದ ಜಿಲ್ಲೆಯಲ್ಲಿ ಕೂತು ಮಾತು ಕಡಿಮೆ ಮಾಡಿ ಅನ್ನುತ್ತೀರಲ್ಲ!

ಟೀಚರಕ್ಕ:
ಮಂಜೇಶ್ವರದವರೇ, ನಾನು ಒಪ್ಪುವುದಿಲ್ಲ. ನನ್ನ ಕ್ಲಾಸಿನಲ್ಲಿ ಮನೆಭಾಷೆ ಮಲಯಾಳ, ತುಳು, ಬ್ಯಾರಿ, ಮರಾಠಿ ಎಲ್ಲ ಇರುವ ಮಕ್ಕಳು. ಹೋದ ದಸರೆಗೆ ಹತ್ತು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಧೀಂಗಿಣ ಹಾಕಿದಾಗ, ಅಂದರೆ ಗಿರಗಿರ ಹಾರಿ ಸುತ್ತಿದಾಗ, ಚಪ್ಪಾಳೆ ಹೊಡೆದರು, ಹೌದು. ಐದನೆಯ ಧೀಂಗಿಣಕ್ಕೆ ಆಕಳಿಸಿದರು. ಅವರು ಅಲುಗಾಡದೆ ಕೂತದ್ದು ಯಾವುದಕ್ಕೆ ಗೊತ್ತಾ? ಮಹಿಷ ತಾಯಿ ಮಾಲಿನಿಯ ಹತ್ತಿರ ಮಾತಾಡುವ ಜಾಗಕ್ಕೆ. ಅಷ್ಟು ದೊಡ್ಡ ಕೋಡಿನವನು ಅಮ್ಮನ ಎದುರು ಸಣ್ಣ ಸ್ವರ ಮಾಡುತ್ತಾನಲ್ಲ, ಅದು. ಮಾರನೆಯ ದಿನ ಒಬ್ಬ ಮಲಯಾಳದಲ್ಲೇ ಕೇಳಿದ, ಟೀಚರೇ, ಅವನ ಅಮ್ಮನಿಗೆ ಆಮೇಲೆ ಏನಾಯಿತು ಅಂತ. ನನಗೂ ಉತ್ತರ ಗೊತ್ತಿರಲಿಲ್ಲ. ಆಟದಲ್ಲಿ ಆಮೇಲೆ ಅವಳು ಬರುವುದೇ ಇಲ್ಲ ಅಲ್ವಾ?

ಮಲಯಾಳದಲ್ಲಿ ಆಡುವುದು ಬೇಡ, ಮುಂಚೆಯೇ ಕಥೆ ಹೇಳಿದರೆ ಸಾಕು. ಮೂರು ನಿಮಿಷ. ಅಥವಾ ಒಂದು ಹಾಳೆಯಲ್ಲಿ ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಿ ಹಂಚಿ.

ಮಂಜೇಶ್ವರದವ:
ಹಾಳೆ ಹಂಚಿದರೆ ಚರುಮುರಿ ಕಟ್ಟಲು ಆಗುತ್ತದೆ. ಇರಲಿ, ಮೂರು ನಿಮಿಷದ ಮಾತು ಒಳ್ಳೆಯದು.

ಬಣ್ಣದ ಡಬ್ಬಿ:
ಟೀಚರಕ್ಕ, ಆ ಜಾಗ ಬರೆದದ್ದಕ್ಕೆ ಸಂತೋಷ ಆಯಿತು. ಕತ್ತರಿ ಹಾಕುವವರು ಮೊದಲು ಹಾಕುವುದು ಅದಕ್ಕೇ. ಯುದ್ಧ ಇಲ್ಲ, ಕುಣಿತ ಇಲ್ಲ, ಸುಮ್ನೆ ಮಾತು ಅಂತ.

ಗಡಿ ದಾಟಿದವ:
ಮಹಿಷನ ಪ್ರವೇಶದ ಬಗ್ಗೆ ಒಂದು ಮಾತು. ಅದು ಸರಿರಾತ್ರಿ ಕಳೆದ ಮೇಲೆ ಬರುವುದು ಯಾಕೆ ಅಂದರೆ ಆಗ ಎಲ್ಲರೂ ಅರ್ಧ ನಿದ್ದೆಯಲ್ಲಿ. ಹಿಂದಿನಿಂದ, ರಸ್ತೆಯ ಆ ತುದಿಯಿಂದ, ಒಂದು ಘರ್ಜನೆ. ಚಾಪೆಯಲ್ಲಿ ಮಲಗಿದವರು ಎದ್ದು ಕೂರುತ್ತಾರೆ. ದೊಂದಿ ಹಿಡಿದವರು, ರಾಳದ ಬೆಂಕಿ, ಜನರ ನಡುವಿನಿಂದಲೇ ಅವನು ಬರುತ್ತಾನೆ. ನಾನು ಸಣ್ಣವನಿರುವಾಗ ಅಜ್ಜಿಯ ಸೆರಗಿನ ಒಳಗೆ ಹೋಗಿ ಕೂತಿದ್ದೆ. ಅದನ್ನೇ ಸಂಜೆ ಏಳೂವರೆಗೆ, ಐಸ್‌ಕ್ರೀಮ್ ಗಾಡಿಯ ಟ್ಯೂಬ್‌ಲೈಟಿನ ಎದುರು ಮಾಡಿದರೆ ಹೇಗೆ? ಕಾಲಮಿತಿಯಲ್ಲಿ ಒಮ್ಮೆ ನೋಡಿದೆ. ಮಹಿಷನ ಸುತ್ತ ನಲವತ್ತು ಮೊಬೈಲು. ಒಬ್ಬ ಅವನನ್ನು ನಿಲ್ಲಿಸಿ ಸೆಲ್ಫಿ ತೆಗೆದ. ಪಾಪ, ಮಹಿಷನೂ ನಿಂತ.

ಬಣ್ಣದ ಡಬ್ಬಿ:
ನಿಲ್ಲದೆ ಎಂತ ಮಾಡುವುದು? ಅವನು ಕೋಡು ಹಿಡಿದುಕೊಂಡಿದ್ದ.

ಗೋಳಿಬಜೆ:
😂😂 ದೇವಿ ಬರುವ ಮೊದಲೇ ಕೆಲಸ ಮುಗಿಯಿತು.

ಸೌಂಡ್ ಬಾಕ್ಸ್:
ಇದಕ್ಕೆ ನನ್ನ ಹತ್ತಿರ ಮದ್ದು ಉಂಟು. ಪ್ರವೇಶಕ್ಕೆ ಐದು ನಿಮಿಷ ಮೊದಲು ಅಂಗಡಿಯ ಲೈಟು ಸೇರಿ ಎಲ್ಲ ಆಫ್. ಮೈಕಿನಲ್ಲಿ ಹೇಳಬೇಡಿ, ಸುಮ್ನೆ ಆಫ್ ಮಾಡಿ. ಕರೆಂಟು ಹೋಯಿತು ಅಂತ ಜನ ಗೊಣಗುವಾಗ ಹಿಂದಿನಿಂದ ಚೆಂಡೆ. ನಾವು ಒಂದು ಕಡೆ ಮಾಡಿದ್ದೇವೆ. ಆದರೆ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಅಗಲ ದಾರಿ ಬಿಡಿ, ಶಾಮಿಯಾನದ ಕೆಳಗೆ ರಾಳ ಹಾರಿಸಬೇಡಿ. ನಾವು ಮಾಡಿದ ಕಡೆ ಬಟ್ಟೆಗೆ ಕಿಡಿ ಹತ್ತಿ, ನೀರಿನ ಕೊಡಪಾನ ತಂದದ್ದು ಚಂಡ ಮುಂಡರೇ.

ಪುಸ್ತಕದ ಹುಳು:
ನಾನು ಪಾರ್ತಿಸುಬ್ಬನ ಮಾತು ತೆಗೆದದ್ದು ಸುಮ್ನೆ ಅಲ್ಲ. ಅವನು ಇಡೀ ರಾಮಾಯಣವನ್ನು ಒಂದು ರಾತ್ರಿಗೆ ಹಿಂಡಲಿಲ್ಲ, ಭಾಗ ಮಾಡಿದ. ಪೆರ್ಲದ ಹತ್ತಿರದ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ದೇವಿ ಮಹಾತ್ಮೆಯನ್ನು 5 ದಿನದ ಪ್ರಸಂಗ ಮಾಡಿ ಬರೆದರು. ಅವರು 2023ರಲ್ಲಿ ತೀರಿಕೊಂಡರು, ಪ್ರಸಂಗ ಉಂಟು. ನಾವು ಮಾತ್ರ 9 ಗಂಟೆಯದ್ದನ್ನು 4ಕ್ಕೆ ತುರುಕಲು ಹೊರಟಿದ್ದೇವೆ. ಮೂಲದಲ್ಲೇ ಇದು ಮೂರು ಕಥೆ: ಮಧುಕೈಟಭ, ಮಹಿಷ, ಶುಂಭ ನಿಶುಂಭ. ಈ ವರ್ಷ ಮಹಿಷನವರೆಗೆ ಆಡಿ. ಮುಂದಿನ ವರ್ಷ ಉಳಿದದ್ದು. ಮಾತೂ ಉಳಿಯುತ್ತದೆ, ಕುಣಿತವೂ ಉಳಿಯುತ್ತದೆ.

ಚಕ್ರತಾಳ:
ಇದು ತಲೆ ಇರುವ ಮಾತು. ಸಿಟ್ಟಿನಲ್ಲೇ ಒಪ್ಪುತ್ತೇನೆ.

ಚೌಕಿಮನೆ:
ಮೀಟಿಂಗಿನಲ್ಲಿ ಇಟ್ಟೆ. ಅರ್ಧಕ್ಕರ್ಧ ಜನ ಒಪ್ಪಿದರು. ಆದರೆ ಎರಡು ತೊಡಕು. ಹರಕೆ ಹೇಳಿದ ಮನೆಯವರೊಬ್ಬರು "ಅರ್ಧ ದೇವಿ ಮಹಾತ್ಮೆ ಹರಕೆ ಸಂದ ಹಾಗೆ ಆಗುತ್ತದಾ" ಅಂತ ಕೇಳಿದರು. ಇನ್ನೊಂದು ನಮ್ಮ ದೊಡ್ಡಪ್ಪ. 22 ವರ್ಷದಿಂದ ರಕ್ತಬೀಜ ಅವರದ್ದೇ. ಈಗ 71. "ಮುಂದಿನ ವರ್ಷಕ್ಕೆ ರಕ್ತಬೀಜ ಇರುತ್ತಾನೆ, ನಾನು ಇರುತ್ತೇನಾ" ಅಂದರು. ಮೀಟಿಂಗ್ ಅಲ್ಲಿಗೇ ನಿಂತಿತು. ಯಾರಿಗೂ ಮಾತು ಬರಲಿಲ್ಲ. ಚಾ ತಣ್ಣಗಾಯಿತು.

ಟೀಚರಕ್ಕ:
ಅಯ್ಯೋ.

ಸೌಂಡ್ ಬಾಕ್ಸ್:
ಒಂದು ನಿಮಿಷ. ನಿಯಮ ಇರುವುದು ಹೊರಗಿನ ಮೈಕಿಗೆ, ಶಬ್ದಕ್ಕೆ. ಮುಚ್ಚಿದ ಸಭಾಂಗಣದ ಒಳಗೆ ಅಲ್ಲಿ ಕೂತವರಿಗೆ ಮಾತ್ರ ಕೇಳುವ ಹಾಗೆ ಮಾಡುವುದಕ್ಕೆ ಅಡ್ಡಿ ಇಲ್ಲ. ನಿಮ್ಮ ಮಂದಿರಕ್ಕೆ ಬಾಗಿಲು, ಕಿಟಕಿ ಉಂಟಲ್ಲ?

ಚಕ್ರತಾಳ:
ತಾಳಮದ್ದಳೆ!

ಸೌಂಡ್ ಬಾಕ್ಸ್:
ಅದನ್ನೇ ಹೇಳಲು ಹೊರಟದ್ದು, ನೀವು ಬಾಯಿಂದ ಕಿತ್ತುಕೊಂಡಿರಿ.

ಚಕ್ರತಾಳ:
10ಕ್ಕೆ ಅಂಗಳದಲ್ಲಿ ಮಹಿಷ ವಧೆ, ಮೈಕ್ ಬಂದ್. ಊಟ. ಹತ್ತೂವರೆಗೆ ಮಂದಿರದ ಒಳಗೆ ಚಾಪೆ ಹಾಸಿ ಶುಂಭ ನಿಶುಂಭರ ಭಾಗ ತಾಳಮದ್ದಳೆ, ಕೂತಲ್ಲೇ ಪದ್ಯ, ಮಾತು. ವೇಷ ಬೇಡ, ಮೈಕ್ ಬೇಡ, ಚೆಂಡೆ ಬೇಡ, ಮದ್ದಳೆ ಸಾಕು. 71ರ ಕಾಲಿಗೆ ಧೀಂಗಿಣ ಕಷ್ಟ, ಬಾಯಿಗೆ ಎಂತ ಕಷ್ಟ? ರಕ್ತಬೀಜ ಅಂದರೆ ಮಾತೇ. ನಿದ್ದೆ ಬಂದವರು ಮನೆಗೆ ಹೋಗಲಿ, ಉಳಿದವರು ಬೆಳಗಾಗುವವರೆಗೆ ಕೂರಲಿ. ಹರಕೆಯೂ ಪೂರ್ತಿ. ಚಕ್ರತಾಳಕ್ಕೆ ನಾನು ಬರುತ್ತೇನೆ, ಸಂಭಾವನೆ ಬೇಡ, ಹಾಲು ಹಾಕದ ಕಟ್ಟಂಚಾಯ ಸಾಕು.

ಗಡಿ ದಾಟಿದವ:
ನಾನೂ ಬರುತ್ತೇನೆ. ಆ ಸುಗ್ರೀವ ದೂತನ ಜಾಗಕ್ಕೆ ಅರ್ಧ ಗಂಟೆ ಕೊಡಿ.

ದುಬೈ ಬಾವ:
ಒಳಗಿನದ್ದು ಲೈವ್ ಉಂಟಾ?

ಚಕ್ರತಾಳ:
ಇಲ್ಲ. ಬೇಕಾದರೆ ವಿಮಾನ ಹತ್ತು.

ಚೌಕಿಮನೆ:
ಮೂರು ದಿನ ಆಯಿತು, ಕ್ಷಮಿಸಿ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ತೀರ್ಮಾನ ಆಗಿದೆ. ಐದೂವರೆಗೆ ಮಕ್ಕಳಿಂದ ಪೂರ್ವರಂಗ, ಕೋಡಂಗಿಯೂ ಬಾಲಗೋಪಾಲರೂ ಅವರೇ. ಆಮೇಲೆ ಒಬ್ಬರು ಮಾಷ್ಟ್ರು ಮಲಯಾಳದಲ್ಲಿ ಮೂರು ನಿಮಿಷ ಕಥೆ ಹೇಳುವುದು. ಅವರು ಮೂರು ನಿಮಿಷಕ್ಕೆ ನಿಲ್ಲಿಸಿದ ಚರಿತ್ರೆ ಇಲ್ಲ, ನೋಡುವ. ಮಾಲಿನಿಯ ಜಾಗ ಪೂರ್ತಿ ಉಂಟು. ಪರದೆ ಇಲ್ಲ, ಚೌಕಿಗೆ ನಾಲ್ಕು ಫ್ಯಾನ್ ಬಂದಿದೆ, ಬಾವನಿಗೆ ವಂದನೆ. 10ರ ಮೇಲೆ ಒಳಗೆ ತಾಳಮದ್ದಳೆ. ದೊಡ್ಡಪ್ಪ ನಿನ್ನೆಯಿಂದ ತೋಟದಲ್ಲಿ ಒಬ್ಬರೇ ಮಾತಾಡಿಕೊಂಡು ತಿರುಗುತ್ತಿದ್ದಾರೆ. ದೇವಿಯ ಪಾತ್ರ ಮಾತ್ರ ಇನ್ನೂ ಬಾಕಿ. ಈ ಸಲ ಹುಡುಗಿಯೊಬ್ಬಳಿಗೆ ಕೊಡುವ ಅಂತ ನಾನು ಹೇಳಿದೆ, ಅಧ್ಯಕ್ಷರು ಕೆಮ್ಮಿದರು.

ಪೀಠಿಕೆ:
ಅಧ್ಯಕ್ಷರಿಗೆ ಕಷಾಯ ಕೊಡಿ. ಅಂಗಳದಲ್ಲಿ ಬೇಡ ಅಂದರೆ ಒಳಗಿನ ತಾಳಮದ್ದಳೆಯಲ್ಲಿ ಕೊಡಿ. ಮೈಕ್ ಇಲ್ಲದೆಯೇ ಸ್ವರ ಸಾಲುತ್ತದಾ ಇಲ್ವಾ ಅಂತ ಗೊತ್ತಾಗಲಿ. ರಕ್ತಬೀಜನ ಎದುರು ನಾನೇ ಕೂರುತ್ತೇನೆ.

ಚಕ್ರತಾಳ:
ಕೂರು ಮಗಾ. ಆದರೆ ಆ ದೊಡ್ಡಪ್ಪನನ್ನು ನಾನು ನೋಡಿದ್ದೇನೆ, ಬೆಳಗ್ಗೆ 4 ಗಂಟೆಗೂ ಬಿಡುವ ಜನ ಅಲ್ಲ. ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ ಬಾ.

ಚೌಕಿಮನೆ:
ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. "ಹುಡುಗಿ ಬರಲಿ, ಆದರೆ ಸೋಲುವುದು ನಾನು ಅಂತ ಮೊದಲೇ ಗೊತ್ತಿರುವುದರಿಂದ ಹೊತ್ತು ಮಾಡಿ ಸೋಲುತ್ತೇನೆ" ಅಂದರು. ಇರಲಿ, ಈಗ ಅರ್ಜೆಂಟು ಬೇರೆ. ದೊಂದಿ ಕಟ್ಟಲು ಹಳೆಯ ಹತ್ತಿ ಪಂಚೆ ಹತ್ತು ಹದಿನೈದು ಬೇಕು. ಈಗಿನ ಪಾಲಿಯೆಸ್ಟರ್ ಮುಂಡು ಆಗುವುದಿಲ್ಲ, ಕರಗಿ ಬೀಳುತ್ತದೆ. ಯಾರ ಮನೆಯಲ್ಲಾದರೂ ಉಂಟಾ?

ಗೋಳಿಬಜೆ:
ನಮ್ಮ ಅಜ್ಜನದ್ದು ಆರು ಉಂಟು. ಅಜ್ಜ ಊರಲ್ಲಿ ಇಲ್ಲದ ದಿನ ನೋಡಿ ಬನ್ನಿ.